ರೈತರ ಜಾಲತಾಣವೂ ಹುಡುಕುಯಂತ್ರವೂ

ಉಳುಮೆ, ಬಿತ್ತನೆ, ಗೊಬ್ಬರ, ಕಳೆ ತೆಗೆಯುವಿಕೆ ಮೊದಲಾದ ಕೆಲಸಗಳಲ್ಲಿ ರೈತನು ತೋರಿಸುವ ಶ್ರದ್ಧೆಯು ಫಸಲನ್ನು ಮಾರುವ ಕೆಲಸದಲ್ಲಿ ಕಂಡುಬರುವುದಿಲ್ಲವೆಂಬ ಮಾತು ಬಹಳ ಹಳೆಯದು. ಕಣದಲ್ಲಿ ರಾಶಿ ಬಿದ್ದೊಡನೆಯೇ ತನ್ನ ಕೆಲಸ ಮುಗಿಯಿತೆಂದು ಅವನು ತಿಳಿಯುತ್ತಾನೆ. ಆ ಸರಕು ಯಾವ ಊರಿನದು, ಯಾರು ಬೆಳೆದದ್ದು, ಅದರ ಗುಣವೇನು ಎಂಬ ಸಂಗತಿಗಳು ಚೀಲದ ಬಾಯಿ ಕಟ್ಟುವಾಗಲೇ ಅಳಿಸಿಹೋಗಿ, ಕೊನೆಗೆ ಕೊಳ್ಳುವವನ ಮುಂದೆ ನಿಲ್ಲುವುದು ವರ್ತಕನ ಹೆಸರು ಮಾತ್ರ. ಒಳ್ಳೆಯ ಸರಕು ಎಲೆಮರೆಯ ಕಾಯಿಯಂತೆ ಉಳಿದು, ಅದರ ಕೀರ್ತಿಯೂ, ಕೀರ್ತಿಯಿಂದ ಬರತಕ್ಕ ಲಾಭವೂ ಬೇರೆಯವರ ಪಾಲಾಗುವುದು ಹೀಗೆ.

ಈಚಿನ ವರ್ಷಗಳಲ್ಲಿ ಪೇಟೆಯ ರೀತಿಯು ಬಹಳ ಬದಲಾಗಿದೆ. ಹಿಂದೆ ಕೊಳ್ಳುವವನು ಸಂತೆಗೆ ಬಂದು, ಕಾಯಿಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡಿ ಕೊಳ್ಳುತ್ತಿದ್ದನು. ಈಗ ಪುಣೆಯ ಗೃಹಿಣಿಯೊಬ್ಬಳಿಗೆ ಒಣಮೆಣಸಿನಕಾಯಿ ಬೇಕಾದರೆ ಕೈಯಲ್ಲಿರುವ ಫೋನಿನಲ್ಲಿ ‘ಬೇಡಗಿ ಮಿರ್ಚಿ’ ಎಂದು ಬರೆದು ಹುಡುಕುತ್ತಾಳೆ. ಬೆಂಗಳೂರಿನ ಮಸಾಲೆಯ ಕಾರ್ಖಾನೆಯವನೂ ಹಾಗೆಯೇ ಮಾಡುತ್ತಾನೆ. ಗೂಗಲ್ ಮೊದಲಾದ ಹುಡುಕುಯಂತ್ರಗಳು ಕ್ಷಣಮಾತ್ರದಲ್ಲಿ ಹೆಸರುಗಳ ಒಂದು ಪಟ್ಟಿಯನ್ನು ಮುಂದಿಡುತ್ತವೆ. ಪಟ್ಟಿಯ ಮೇಲ್ಭಾಗದಲ್ಲಿರುವ ನಾಲ್ಕೈದು ಹೆಸರುಗಳನ್ನು ಜನರು ನೋಡುವರೇ ಹೊರತು, ಎರಡನೆಯ ಪುಟಕ್ಕೆ ಹೋಗುವವರು ವಿರಳ. ಸಂತೆಯಲ್ಲಿ ದಾರಿಯ ಬದಿಯ ಅಂಗಡಿಗೂ ಹಿಂದಿನ ಸಂದಿಯ ಅಂಗಡಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಇದನ್ನು ಮನಗಂಡು ಕೆಲವು ರೈತ ಉತ್ಪಾದಕರ ಕಂಪನಿಗಳೂ ತೋಟದ ಮಾಲೀಕರೂ ತಮ್ಮದೇ ಆದ ಜಾಲತಾಣಗಳನ್ನು ಮಾಡಿಸಿದ್ದಾರೆ. ಕಂಪನಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಹತ್ತು ಮಂದಿ ಉತ್ಪಾದಕರು ಸೇರಿ ಇಂತಹ ಕಂಪನಿಯನ್ನು ಕಟ್ಟಿಕೊಳ್ಳಲು ಅವಕಾಶವಾಯಿತು; 2020ರ ಫೆಬ್ರವರಿ 29ರಂದು ಕೇಂದ್ರ ಸರ್ಕಾರವು ದೇಶದಲ್ಲಿ 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು ಆರಂಭಿಸಿತು. ಆದರೆ ಷೇರುದಾರರ ಹಣದಿಂದ ಮಾಡಿಸಿದ ಜಾಲತಾಣವು ಹುಡುಕಿದರೂ ಸಿಕ್ಕದೆ ಇರುವುದು ಸಾಮಾನ್ಯವಾದ ಅನುಭವವಾಗಿದೆ. ಆಗ ಆಡಳಿತ ಮಂಡಲಿಯವರು ನಿರಾಶರಾಗಿ, ‘ಮೊದಲನೆಯ ಸ್ಥಾನವನ್ನು ಕೊಡಿಸುತ್ತೇವೆ’ ಎಂದು ಫೋನಿನಲ್ಲಿ ಕೂಗುವ ಯಾವನೋ ಗುತ್ತಿಗೆದಾರನಿಗೆ ಮತ್ತಷ್ಟು ಹಣವನ್ನು ತೆರುತ್ತಾರೆ. ಹೊಲದಲ್ಲಿ ಬೀಜ ಮೊಳೆಯದಿದ್ದರೆ ಕಾರಣವನ್ನು ಪರೀಕ್ಷಿಸದೆ ಮಂತ್ರ ಹಾಕಿಸುವವನಿಗೂ ಇಂತಹವರಿಗೂ ಭೇದವಿಲ್ಲ.

ಕಾರಣವನ್ನು ವಿಚಾರಿಸಿದರೆ, ಬಹುಮಟ್ಟಿಗೆ ತಪ್ಪು ಯಂತ್ರದ್ದಲ್ಲ, ಹಣದ ಕೊರತೆಯೂ ಅಲ್ಲ. ಕೊಳ್ಳುವವನು ಕೇಳುವ ಪ್ರಶ್ನೆಗೆ ಆ ಜಾಲತಾಣದಲ್ಲಿ ಉತ್ತರವೇ ಇಲ್ಲದಿರುವುದು ಎಂದು ತಿಳಿದುಬರುತ್ತದೆ. ಆ ಉತ್ತರವು ಬೆಳೆಗಾರನೊಬ್ಬನಿಗೇ ಗೊತ್ತು. ಆದ್ದರಿಂದ ಈ ಕೆಲಸದ ಮುಖ್ಯಭಾಗವನ್ನು ಗುತ್ತಿಗೆಗೆ ಕೊಡುವುದು ಸಾಧ್ಯವಿಲ್ಲ. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ’ ಎಂಬ ಗಾದೆಯು ಹೊಲಕ್ಕೆ ಅನ್ವಯಿಸುವಂತೆ ಜಾಲತಾಣಕ್ಕೂ ಅನ್ವಯಿಸುತ್ತದೆ.

ಯಂತ್ರದ ಕೆಲಸದ ಕ್ರಮವನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಇದರಲ್ಲಿ ಮೂರು ಹಂತಗಳಿವೆ. ಮೊದಲನೆಯದಾಗಿ, ಯಂತ್ರವು ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಇರುವ ಕೊಂಡಿಗಳನ್ನು ಹಿಡಿದು ಲೋಕದ ಜಾಲತಾಣಗಳನ್ನೆಲ್ಲ ಸುತ್ತುತ್ತದೆ. ಎರಡನೆಯದಾಗಿ, ಕಂಡ ಪುಟಗಳಲ್ಲಿನ ಮಾತುಗಳನ್ನು ಓದಿ, ಯಾವ ಪುಟದಲ್ಲಿ ಯಾವ ವಿಷಯವಿದೆಯೆಂದು ಗ್ರಾಮದ ದಫ್ತರದಂತೆ ಬರೆದಿಟ್ಟುಕೊಳ್ಳುತ್ತದೆ. ಮೂರನೆಯದಾಗಿ, ಯಾರಾದರೂ ಪ್ರಶ್ನೆ ಕೇಳಿದಾಗ ಆ ದಫ್ತರವನ್ನು ತೆರೆದು, ತಕ್ಕ ಉತ್ತರವಿರುವ ಪುಟಗಳನ್ನು ಯೋಗ್ಯತೆಗೆ ಅನುಸಾರವಾಗಿ ಸಾಲಾಗಿ ಜೋಡಿಸಿ ಕೊಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬಿಬ್ಬರು 1998ರಲ್ಲಿ ಗೂಗಲ್ ಕಂಪನಿಯನ್ನು ಸ್ಥಾಪಿಸಿದಾಗ, ಯೋಗ್ಯತೆಯನ್ನು ಅಳೆಯಲು ಒಂದು ಉಪಾಯವನ್ನು ಹೂಡಿದರು. ಒಂದು ಪುಟವನ್ನು ಬೇರೆ ಎಷ್ಟು ಪುಟಗಳು, ಅವುಗಳಲ್ಲಿಯೂ ಎಷ್ಟು ಮರ್ಯಾದೆಯುಳ್ಳ ಪುಟಗಳು, ಕೊಂಡಿಯ ಮೂಲಕ ತೋರಿಸುತ್ತವೆ ಎಂಬುದನ್ನು ಎಣಿಸುವುದೇ ಆ ಉಪಾಯ. ಊರಿನಲ್ಲಿ ಒಬ್ಬನು ತನ್ನನ್ನು ತಾನೇ ಹೊಗಳಿಕೊಂಡರೆ ಯಾರೂ ಲೆಕ್ಕಿಸುವುದಿಲ್ಲ. ನಾಲ್ಕು ಮಂದಿ ದೊಡ್ಡವರು ಅವನ ಕಡೆಗೆ ಕೈತೋರಿಸಿದರೆ ಅವನ ಮಾತಿಗೆ ಬೆಲೆ ಬರುತ್ತದೆ. ಇಂದು ಯಂತ್ರವು ಇನ್ನೂ ಅನೇಕ ಲಕ್ಷಣಗಳನ್ನು ಪರಿಶೀಲಿಸುತ್ತದೆಯಾದರೂ ಈ ತತ್ತ್ವವು ಬಿಟ್ಟುಹೋಗಿಲ್ಲ.

ಇನ್ನು ಪುಟದಲ್ಲಿ ಏನಿರಬೇಕೆಂಬುದನ್ನು ಬ್ಯಾಡಗಿ ಮೆಣಸಿನಕಾಯಿಯ ಉದಾಹರಣೆಯಿಂದ ನೋಡಬಹುದು. ಸಾಧಾರಣವಾದ ಒಂದು ಜಾಲತಾಣದ ಮೊದಲ ಪುಟದಲ್ಲಿ ಸೂರ್ಯೋದಯದ ಚಿತ್ರವೊಂದು, ‘ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರೇ ನಮ್ಮ ದೇವರು’ ಎಂಬ ಬರಹವೊಂದು, ಅಧ್ಯಕ್ಷರಿಗೆ ಹಾರ ಹಾಕಿದ ಚಿತ್ರವೊಂದು ಇರುತ್ತವೆ. ಇದರಿಂದ ಯಂತ್ರಕ್ಕೆ ತಿಳಿಯುವುದೇನು? ಸರಕು ಮೆಣಸಿನಕಾಯಿಯೋ ರೇಷ್ಮೆಗೂಡೋ ಎಂಬುದು ಕೂಡ ತಿಳಿಯುವುದಿಲ್ಲ. ಕೊಳ್ಳುವವನಾದರೋ ಕೇಳುವುದು ಬೇರೆ: ಕಾಯಿಯು ಡಬ್ಬಿಯೋ ಕಡ್ಡಿಯೋ, ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಲ್ಲಿ ಯಾವ ಊರಿನದು, ಯಾವ ತಿಂಗಳು ಬಿಡಿಸಿದ್ದು, ನೆಲದ ಮೇಲೆ ಒಣಗಿಸಿದ್ದೋ ತಾಡಪತ್ರಿಯ ಮೇಲೋ, ತೊಟ್ಟು ತೆಗೆದದ್ದೋ ಇಲ್ಲವೋ, ತೇವಾಂಶ ಎಷ್ಟು, ಬಣ್ಣದ ಪರೀಕ್ಷೆಯಲ್ಲಿ ಬಂದ ಅಂಕ ಎಷ್ಟು, ಖಾರ ಎಷ್ಟು, ಒಂದು ಕಿಲೋ ಸಿಕ್ಕುವುದೋ ಒಂದು ಟನ್ನೋ, ಸಾಗಾಣಿಕೆಯ ಖರ್ಚು ಯಾರದು. ಸುಕ್ಕುಗಟ್ಟಿದ ಮೈ, ಗಾಢವಾದ ಕೆಂಪು, ಕಡಿಮೆ ಖಾರ ಇವೇ ಈ ಕಾಯಿಯ ವೈಶಿಷ್ಟ್ಯ. ಅದರಿಂದ ತೆಗೆದ ಬಣ್ಣದ ಸತ್ತ್ವಕ್ಕೂ ಬೇಡಿಕೆಯಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಷ್ಟೆಲ್ಲ ಹೇಳಲಿಕ್ಕಿರುವಾಗ ಸೂರ್ಯೋದಯದ ಚಿತ್ರದಿಂದ ಪ್ರಯೋಜನವಿಲ್ಲ.

ಆದಕಾರಣ ಒಂದೊಂದು ಸರಕಿಗೂ ಒಂದೊಂದು ಪ್ರತ್ಯೇಕ ಪುಟವಿರತಕ್ಕದ್ದು. ಆ ಪುಟದ ಶಿರೋನಾಮೆಯು ‘ಮುಖಪುಟ’ ಎಂದಿರದೆ ‘ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, ತೊಟ್ಟು ತೆಗೆದದ್ದು’ ಎಂದು ಸರಕನ್ನು ಹೆಸರಿಸತಕ್ಕದ್ದು. ಮೇಲೆ ಹೇಳಿದ ಪ್ರಶ್ನೆಗಳಿಗೆ ಸರಳವಾದ ವಾಕ್ಯಗಳಲ್ಲಿ ಉತ್ತರವಿರಬೇಕು. ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ಪಡೆದ 14 ಅಂಕಿಗಳ ಲೈಸೆನ್ಸ್ ಸಂಖ್ಯೆಯನ್ನೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಂಡಿದ್ದರೆ ಆ ಸಂಖ್ಯೆಯನ್ನೂ ನಮೂದಿಸಬೇಕು. ಚಿತ್ರಗಳು ಇರಲಿ, ಆದರೆ ಪ್ರತಿಯೊಂದು ಚಿತ್ರದ ಹಿಂದೆ ಅದು ಯಾವುದರ ಚಿತ್ರವೆಂಬ ವಿವರಣೆಯನ್ನು ಅಕ್ಷರಗಳಲ್ಲಿ ಸೇರಿಸಬೇಕು. ಬೇರೆ ತಾಣಗಳಿಂದ ವಾಕ್ಯಗಳನ್ನು ನಕಲು ಮಾಡಿ ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ; ಒಂದೇ ಮಾತು ಹತ್ತು ಕಡೆ ಇದ್ದರೆ ಯಂತ್ರವು ಸಾಮಾನ್ಯವಾಗಿ ಒಂದನ್ನು ಆರಿಸಿ ಉಳಿದವನ್ನು ಬಿಡುತ್ತದೆ.

ಇಲ್ಲಿ ಭಾಷೆಯ ವಿಷಯವು ಮುಖ್ಯವಾದುದು. ಬೆಳೆಯುವವನು ಒಂದು ಹೆಸರನ್ನು ಹೇಳಿದರೆ ಕೊಳ್ಳುವವನು ಮತ್ತೊಂದನ್ನು ಹೇಳುತ್ತಾನೆ. ಕನ್ನಡಿಗರಿಗೆ ‘ಬ್ಯಾಡಗಿ’ಯಾದ ಕಾಯಿ ಮಹಾರಾಷ್ಟ್ರದವರ ಬಾಯಲ್ಲಿ ‘ಬೇಡಗಿ’ಯಾಗುತ್ತದೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಮೂರು ನಾಲ್ಕು ರೂಪಗಳುಂಟು. ಕೊಳ್ಳುವವನ ಮಾತನ್ನು ಪುಟದಲ್ಲಿ ಒಂದೆರಡು ಕಡೆ ಸಹಜವಾಗಿ ಬಳಸಿದರೆ ಯಂತ್ರಕ್ಕೆ ಸಂಬಂಧವು ಸ್ಪಷ್ಟವಾಗುತ್ತದೆ. ದೂರದ ಗಿರಾಕಿಗಾಗಿ ಇಂಗ್ಲಿಷ್ ಪುಟವಿರುವುದು ಅವಶ್ಯಕವೇ. ಆದರೆ ಕನ್ನಡದ ಪುಟವನ್ನು ಕೈಬಿಡಬಾರದು. ಕನ್ನಡದಲ್ಲಿ ಬರೆದೂ, ಫೋನಿಗೆ ಬಾಯಲ್ಲಿ ಹೇಳಿಯೂ ಹುಡುಕುವವರಿದ್ದಾರೆ. ಅವರ ಪ್ರಶ್ನೆಗೆ ಕನ್ನಡದಲ್ಲಿ ಸರಿಯಾದ ಉತ್ತರ ಕೊಡುವ ಪುಟಗಳು ಇಂಗ್ಲಿಷಿಗಿಂತ ಬಹಳ ಕಡಿಮೆ. ಪೈರು ವಿರಳವಾಗಿರುವ ನೆಲದಲ್ಲಿ ಒಂದು ಸಸಿ ಬೇಗನೆ ಎದ್ದು ಕಾಣುತ್ತದೆ.

ಕನ್ನಡದ ಪುಟಗಳಲ್ಲಿ ಒಂದು ದೋಷವನ್ನು ವಿಶೇಷವಾಗಿ ಗಮನಿಸಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಲಿಪಿಸಂಕೇತದಲ್ಲಿ ಬೆರಳಚ್ಚು ಮಾಡಿದ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿರುತ್ತದೆ. ಯಂತ್ರವು ಓದುವುದು ಆ ಒಳಗಿನ ರಾಶಿಯನ್ನು. ಹಾಗೆಯೇ ಬೆಲೆಪಟ್ಟಿಯನ್ನು ಕಾಗದದಲ್ಲಿ ಬರೆದು ಅದರ ಛಾಯಾಚಿತ್ರವನ್ನು ಅಂಟಿಸಿದರೆ, ಅದು ಪುಟದ ಅಕ್ಷರಗಳಾಗಿ ಯಂತ್ರಕ್ಕೆ ಒದಗುವುದಿಲ್ಲ. ಯೂನಿಕೋಡ್ ಎಂಬ ಸರ್ವಸಮ್ಮತವಾದ ಸಂಕೇತದಲ್ಲಿ ಬರೆದರೆ ಮಾತ್ರ ಕನ್ನಡವು ಯಂತ್ರಕ್ಕೂ ಕನ್ನಡವೇ ಆಗಿರುತ್ತದೆ. ಈ ಒಂದು ತಿದ್ದುಪಾಟಿಗೆ ಹಣ ಬೇಕಿಲ್ಲ. ಬೆರಳಚ್ಚು ಮಾಡುವವರಿಗೆ ಒಂದು ಮಾತು ಹೇಳಿದರೆ ಸಾಕು.

ಇನ್ನೂ ಕೆಲವು ಅಡಚಣೆಗಳು ಬಾಗಿಲಿಗೆ ಬಿದ್ದ ಬೀಗದಂತಹವು. ಜಾಲತಾಣವನ್ನು ಕಟ್ಟುವ ಕಾಲದಲ್ಲಿ, ಕೆಲಸ ಮುಗಿಯುವವರೆಗೆ ಯಂತ್ರವು ಒಳಗೆ ಬಾರದಿರಲೆಂದು ಒಂದು ಆಜ್ಞೆಯನ್ನು ಬರೆದಿಡುವುದುಂಟು. ಕೆಲಸ ಮುಗಿದಮೇಲೆ ಅದನ್ನು ತೆಗೆಯಲು ಮರೆತರೆ ವರ್ಷಗಟ್ಟಲೆ ಕಾದರೂ ತಾಣವು ಪಟ್ಟಿಗೆ ಸೇರಲಾರದು. ಇದನ್ನು ಯಾರಾದರೂ ಪರೀಕ್ಷಿಸಬಹುದು: ಗೂಗಲಿನಲ್ಲಿ ‘ಸೈಟ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ಕೋಲನ್ ಚಿಹ್ನೆಯನ್ನಿಟ್ಟು, ಎಡೆಬಿಡದೆ ತಾಣದ ವಿಳಾಸವನ್ನು ಬರೆದರೆ, ಯಂತ್ರದ ದಫ್ತರಕ್ಕೆ ಸೇರಿರುವ ಪುಟಗಳು ಕಾಣುತ್ತವೆ. ಒಂದೂ ಕಾಣದಿದ್ದರೆ ಬೀಗ ಬಿದ್ದಿರಬಹುದೆಂದು ಸಂಶಯಪಡಬೇಕು. ಎರಡನೆಯದಾಗಿ, ಪುಟವು ಫೋನಿನಲ್ಲಿ ಸರಿಯಾಗಿ ತೆರೆಯಬೇಕು. ಗೂಗಲ್ ಯಂತ್ರವು ಪುಟಗಳನ್ನು ಫೋನಿನಲ್ಲಿ ಕಾಣುವ ರೂಪದಲ್ಲಿಯೇ ಓದಿ ದಾಖಲಿಸುವ ಪದ್ಧತಿಗೆ ಬದಲಾಗಿದೆ. ಮುಖ್ಯವಾದ ವಿಷಯವು ಎರಡೂವರೆ ಸೆಕೆಂಡಿನೊಳಗೆ ಕಣ್ಣಿಗೆ ಬೀಳಬೇಕೆಂಬುದು ಅದು ಹೇಳುವ ಅಳತೆ. ಅಧ್ಯಕ್ಷರ ಹಾರದ ಚಿತ್ರವು ತೆರೆದುಕೊಳ್ಳುವವರೆಗೆ ಹಳ್ಳಿಯ ಸಿಗ್ನಲಿನಲ್ಲಿ ಗಿರಾಕಿಯು ಕಾಯುವನೆಂದು ನಂಬುವುದು ದುರಾಸೆ.

ಜಮೀನುಳ್ಳವರಿಗೆ ಬೇಗನೆ ಮನದಟ್ಟಾಗತಕ್ಕ ಮತ್ತೊಂದು ಸಂಗತಿಯಿದೆ. ಜಾಲತಾಣದ ವಿಳಾಸವೂ ಒಂದು ಆಸ್ತಿ. ಅದಕ್ಕೂ ಖಾತೆಯುಂಟು, ಕಂದಾಯದಂತೆ ಅವಧಿಗೆ ಸರಿಯಾಗಿ ಕಟ್ಟಬೇಕಾದ ಶುಲ್ಕವೂ ಉಂಟು. ಆ ಖಾತೆಯು ಕಂಪನಿಯ ಹೆಸರಿನಲ್ಲಿರದೆ ತಾಣವನ್ನು ಕಟ್ಟಿದ ಗುತ್ತಿಗೆದಾರನ ಹೆಸರಿನಲ್ಲಿದ್ದರೆ, ಅವನು ಮುನಿದ ದಿನ ಅಥವಾ ಊರು ಬಿಟ್ಟ ದಿನ ವರ್ಷಗಳಿಂದ ಗಳಿಸಿದ ಹೆಸರೆಲ್ಲವೂ ಕೈತಪ್ಪುತ್ತದೆ. ಶುಲ್ಕ ಕಟ್ಟುವುದನ್ನು ಮರೆತರೆ ವಿಳಾಸವನ್ನು ಬೇರೊಬ್ಬರು ಕೊಂಡುಕೊಳ್ಳಬಹುದು. ಪಹಣಿಯನ್ನು ಕಣ್ಣಾರೆ ನೋಡದೆ ಯಾರೂ ಜಮೀನು ಕೊಳ್ಳುವುದಿಲ್ಲ. ಈ ಖಾತೆಯನ್ನೂ ಹಾಗೆಯೇ ನೋಡಿ, ಅದರ ಗುಪ್ತಪದವನ್ನು ಕಂಪನಿಯ ದಾಖಲೆಯಲ್ಲಿ ಭದ್ರಪಡಿಸಬೇಕು.

ಬೇರೆಯವರು ಕೈತೋರಿಸುವ ವಿಷಯವನ್ನು ಮೇಲೆ ಹೇಳಿದೆ. ಆ ಕೊಂಡಿಗಳನ್ನು ಸಂಪಾದಿಸುವ ನ್ಯಾಯವಾದ ಮಾರ್ಗಗಳು ಹಳ್ಳಿಯವರಿಗೆ ಇಲ್ಲವೆಂದು ತಿಳಿಯಬಾರದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವು ಕಂಪನಿಯ ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆಸಿದ್ದರೆ, ಆ ವರದಿಯಲ್ಲಿ ಕಂಪನಿಯ ವಿಳಾಸವನ್ನು ಸೇರಿಸಲು ಕೇಳಬಹುದು. ಸರಕನ್ನು ಕೊಳ್ಳುವ ಹೋಟಲಿನವರೂ ಅಂಗಡಿಯವರೂ ತಮ್ಮ ಪುಟದಲ್ಲಿ ಕಾಯಿ ಎಲ್ಲಿಂದ ಬಂದದ್ದೆಂದು ಹೇಳುವುದು ಅವರಿಗೂ ಗೌರವ. ಸ್ಥಳೀಯ ಪತ್ರಿಕೆಯಲ್ಲಿ ಸುಗ್ಗಿಯ ಸುದ್ದಿ ಬರಬಹುದು. ಗಿರಾಕಿಗಳು ಬಂದುಹೋಗತಕ್ಕ ಮಳಿಗೆಯಿದ್ದರೆ, ಗೂಗಲ್ ನಕ್ಷೆಯಲ್ಲಿ ಅದರ ಹೆಸರು, ವಿಳಾಸ, ಫೋನು, ತೆರೆದಿರುವ ವೇಳೆ ಇವನ್ನು ಉಚಿತವಾಗಿ ದಾಖಲಿಸಬಹುದು. ಎಲ್ಲ ಕಡೆಗಳಲ್ಲಿಯೂ ಹೆಸರು ಮತ್ತು ವಿಳಾಸಗಳು ಒಂದೇ ರೀತಿಯಾಗಿರಬೇಕು. ಕೊಂಡವರು ತಾವಾಗಿ ಬರೆದ ಒಳ್ಳೆಯ ಮಾತಿಗೂ, ಬರೆದ ದೂರಿಗೆ ಕಂಪನಿಯವರು ಮರ್ಯಾದೆಯಿಂದ ಕೊಟ್ಟ ಉತ್ತರಕ್ಕೂ ಬೆಲೆಯುಂಟು.

ಇದನ್ನೆಲ್ಲ ಬಿಟ್ಟು ಅಡ್ಡದಾರಿ ಹಿಡಿದವರ ಗತಿಯನ್ನು ನೋಡಿ ಬುದ್ಧಿ ಕಲಿಯುವುದು ಒಳ್ಳೆಯದು. 2006ರ ಫೆಬ್ರವರಿಯಲ್ಲಿ ಬಿ.ಎಂ.ಡಬ್ಲ್ಯೂ. ಮೋಟಾರು ಕಂಪನಿಯ ಜರ್ಮನಿಯ ಜಾಲತಾಣವನ್ನು ಗೂಗಲ್ ತನ್ನ ಪಟ್ಟಿಯಿಂದಲೇ ತೆಗೆದುಹಾಕಿತು. ಒಂದೇ ಪದವನ್ನು ಮತ್ತೆ ಮತ್ತೆ ತುಂಬಿದ ಪುಟಗಳನ್ನು ಯಂತ್ರಕ್ಕೆ ತೋರಿಸಿ, ಮನುಷ್ಯರಿಗೆ ಬೇರೆಯ ಪುಟವನ್ನು ತೋರಿಸುತ್ತಿದ್ದುದೇ ಅದಕ್ಕೆ ಕಾರಣ. ಆ ಪುಟಗಳನ್ನು ಕಿತ್ತುಹಾಕಿದಮೇಲೆ ಪುನಃ ಸೇರಿಸಿಕೊಂಡಿತು. 2011ರ ಫೆಬ್ರವರಿಯಲ್ಲಿ ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಯವರ ಪರವಾಗಿ ಸಂಬಂಧವಿಲ್ಲದ ಸಾವಿರಾರು ಪುಟಗಳಲ್ಲಿ ಕೊಂಡಿಗಳನ್ನು ಇರಿಸಿದ್ದ ಸಂಗತಿಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಹೊರಗೆಡಹಿತು. ಆ ವಿಷಯ ತಮಗೆ ತಿಳಿಯದೆಂದು ಅಂಗಡಿಯವರು ಹೇಳಿ ಗುತ್ತಿಗೆದಾರರನ್ನು ಬಿಡಿಸಿದರು. ಆದರೂ ಪಟ್ಟಿಯ ತಲೆಯಲ್ಲಿದ್ದ ಅವರ ಹೆಸರು ಬಹಳ ಕೆಳಕ್ಕೆ ಇಳಿಯಿತು. ಗುತ್ತಿಗೆದಾರನ ತಪ್ಪಿಗೆ ಮಾಲೀಕನೇ ದಂಡ ತೆತ್ತನೆಂಬುದನ್ನು ಇಲ್ಲಿ ಗಮನಿಸಬೇಕು. 2012ರ ಏಪ್ರಿಲ್ ತಿಂಗಳಿನಲ್ಲಿ ಇಂತಹ ಕೃತಕ ಕೊಂಡಿಗಳ ಬೆಲೆಯನ್ನು ಇಳಿಸುವ ವ್ಯವಸ್ಥೆಯನ್ನೇ ಗೂಗಲ್ ಜಾರಿಗೆ ತಂದಿತು. ಅಷ್ಟು ದೊಡ್ಡ ಕಂಪನಿಗಳು ಪೆಟ್ಟನ್ನು ತಾಳಿಕೊಂಡಾವು; ಒಂದು ಹೋಬಳಿಯ ರೈತರ ಕಂಪನಿಯು ಸುಗ್ಗಿಯ ಮೂರು ತಿಂಗಳು ಕಾಣದೆಹೋದರೆ ಆ ವರ್ಷದ ವ್ಯಾಪಾರವೇ ಮುಗಿಯಿತು.

ಹಳೆಯ ಸರಕಿಗೆ ಬಣ್ಣ ಬೆರಸುವುದು, ಒಣಗಿದ್ದಕ್ಕೆ ನೀರು ಚಿಮುಕಿಸಿ ತೂಕ ಏರಿಸುವುದು ಮೊದಲಾದ ಕೆಲಸಗಳಿಂದ ಒಂದು ಪೇಟೆಯ ಹೆಸರೇ ಕೆಡುವುದು ಎಲ್ಲರಿಗೂ ತಿಳಿದಿದೆ. ಅಂತಹ ಮೋಸವನ್ನು ತಡೆದು, ಸರಕನ್ನು ದರ್ಜೆಯಂತೆ ವಿಂಗಡಿಸಿ ಮುದ್ರೆ ಹಾಕುವುದಕ್ಕಾಗಿಯೇ 1937ರಲ್ಲಿ ಆಗ್‌ಮಾರ್ಕ್ ಕಾಯಿದೆಯು ಬಂತು. ಕೊಂಡಿಗಳನ್ನು ಕೊಳ್ಳುವುದೂ, ಬಾಡಿಗೆಯವರಿಂದ ಹೊಗಳಿಕೆ ಬರೆಯಿಸುವುದೂ, ಬೆಳೆಯದ ಸರಕಿನ ಹೆಸರನ್ನು ಪುಟದಲ್ಲಿ ತುಂಬುವುದೂ ಅದೇ ಜಾತಿಯ ಕಲಬೆರಕೆ. ಬ್ಯಾಡಗಿಯ ಹೆಸರಿನಲ್ಲಿ ಬೇರೆ ಪ್ರಾಂತದ ಕಾಯಿ ಮಾರಾಟವಾದರೆ ಸಂಕಟಪಡುವ ಬೆಳೆಗಾರರು ತಾವೇ ಸುಳ್ಳು ಹೆಸರಿನ ದಾರಿಯನ್ನು ಹಿಡಿಯುವುದು ಯುಕ್ತವಲ್ಲ.

ಗುತ್ತಿಗೆದಾರರೆಲ್ಲರೂ ಮೋಸಗಾರರೆಂದು ಇದರ ಅರ್ಥವಲ್ಲ. ತಾಣವನ್ನು ಸುಸ್ಥಿತಿಯಲ್ಲಿಡಲು ಬಲ್ಲವರ ಸಹಾಯ ಬೇಕೇ ಬೇಕು. ಆದರೆ ಅವರನ್ನು ಒಪ್ಪುವ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯ ಸ್ಥಾನವನ್ನು ಖಂಡಿತವಾಗಿ ಕೊಡಿಸುವೆನೆಂದು ಹೇಳುವವನನ್ನು ಅಲ್ಲಿಂದಲೇ ಕಳುಹಿಸಬಹುದು. ಅಂತಹ ಭರವಸೆಯನ್ನು ಯಾರೂ ಕೊಡಲಾರರೆಂದೂ, ಜಾಹೀರಾತಿಗೆ ಹಣ ಕೊಟ್ಟರೂ ಸಹಜವಾದ ಪಟ್ಟಿಯಲ್ಲಿ ಸ್ಥಾನವು ಏರುವುದಿಲ್ಲವೆಂದೂ ಗೂಗಲ್ ಕಂಪನಿಯೇ ಪ್ರಕಟಿಸಿದೆ. ‘ಕೀಲಿಪದಗಳ ಪಟ್ಟಿಯನ್ನು ಪುಟದ ಹಿಂದೆ ಬರೆಯುತ್ತೇವೆ’ ಎಂದು ಅದಕ್ಕೆ ಪ್ರತ್ಯೇಕವಾಗಿ ಹಣ ಕೇಳಿದರೆ, ಆ ಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆಯೆಂದು ಉತ್ತರ ಕೊಡಬೇಕು. ಕೊಂಡಿಗಳು ಎಲ್ಲಿಂದ ಬರುತ್ತವೆಯೆಂಬುದರ ಪಟ್ಟಿಯನ್ನು ತಿಂಗಳಿಗೊಮ್ಮೆ ಒಪ್ಪಿಸಬೇಕೆಂದು ಕರಾರಿನಲ್ಲಿ ಬರೆಯಿಸಬೇಕು.

ಇದಕ್ಕೆ ಕೆಲವರು ಆಕ್ಷೇಪಣೆ ಮಾಡಬಹುದು. ದೊಡ್ಡ ದೊಡ್ಡ ಮಾರಾಟದ ತಾಣಗಳೇ ಯಾವಾಗಲೂ ಮೇಲಿರುವಾಗ ಹಳ್ಳಿಯವರ ಪುಟವು ಕಾಣುವುದುಂಟೇ ಎಂದು ಕೇಳುವರು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ‘ಮೆಣಸಿನಕಾಯಿ’ ಎಂಬ ಒಂದೇ ಪದಕ್ಕೆ ಮೇಲಿನ ಸ್ಥಾನವನ್ನು ಹಳ್ಳಿಯ ಕಂಪನಿಯು ಆಶಿಸಬಾರದು. ಆದರೆ ‘ತೊಟ್ಟು ತೆಗೆದ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, 25 ಕಿಲೋ, ರೈತರಿಂದ ನೇರವಾಗಿ’ ಎಂದು ಹುಡುಕುವವರು ಕಡಿಮೆಯಾದರೂ ಅವರು ಕೊಳ್ಳಲೆಂದೇ ಬಂದವರು. ಅಂತಹ ಪ್ರಶ್ನೆಗೆ ಪೂರ್ಣವಾದ ಉತ್ತರವಿರುವ ಪುಟಗಳು ಹೆಚ್ಚಾಗಿಲ್ಲ. ಸಂತೆಗೆ ಬಂದವರೆಲ್ಲರನ್ನೂ ಕರೆಯುವುದಕ್ಕಿಂತ ಎತ್ತು ಕೊಳ್ಳಲು ಬಂದವನಿಗೆ ಎತ್ತನ್ನು ತೋರಿಸುವುದು ಮೇಲು. ಮತ್ತೆ ಕೆಲವರು, 2024ರಿಂದ ಭಾರತದಲ್ಲಿಯೂ ಗೂಗಲ್ ಕೃತಕ ಬುದ್ಧಿಯ ಯಂತ್ರದಿಂದ ಸಂಗ್ರಹವಾದ ಉತ್ತರವನ್ನು ಪಟ್ಟಿಯ ಮೇಲೆಯೇ ಕೊಡುತ್ತಿರುವುದರಿಂದ ಪುಟಗಳನ್ನು ತೆರೆಯುವವರು ಕಡಿಮೆಯಾಗುವರೆನ್ನುತ್ತಾರೆ. ಸಾಮಾನ್ಯವಾದ ವಿಷಯಗಳಲ್ಲಿ ಹಾಗಾಗಬಹುದು. ಆದರೆ ಆ ಯಂತ್ರವೂ ಉತ್ತರವನ್ನು ಪುಟಗಳಿಂದಲೇ ಆರಿಸಿಕೊಳ್ಳಬೇಕು. ಬೆಳೆಗಾರರು ಬರೆಯದಿದ್ದರೆ ಅವರ ಸರಕಿನ ವಿಷಯವಾಗಿ ಉತ್ತರ ಹೇಳುವವರು ಬೇರೆಯವರೇ ಆಗುವರು.

ಜಾಲತಾಣವೊಂದರಿಂದಲೇ ಧಾರಣೆಯ ಏರಿಳಿತವು ನಿಲ್ಲುವುದೆಂದು ಯಾರೂ ಭ್ರಮಿಸಬಾರದು. 2024ರ ಮಾರ್ಚಿ ತಿಂಗಳಿನಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಧಾರಣೆ ಕುಸಿದು ರೈತರು ರೊಚ್ಚಿಗೆದ್ದಾಗ, ರಾಶಿಗಟ್ಟಲೆ ಬಂದ ಕಾಯಿಯನ್ನು ಯಾವ ಜಾಲತಾಣವೂ ಮಾರಿಕೊಡಲಾರದಾಗಿತ್ತು. ಆದರೂ ಹತ್ತರಲ್ಲಿ ಒಂದು ಚೀಲವನ್ನಾದರೂ ತನ್ನ ಹೆಸರಿನಲ್ಲಿ, ತಾನು ಹೇಳಿದ ಧಾರಣೆಗೆ ಮಾರಬಲ್ಲವನಿಗೆ ಉಳಿದ ಒಂಬತ್ತು ಚೀಲಗಳ ವಿಷಯದಲ್ಲಿಯೂ ಧೈರ್ಯವಿರುತ್ತದೆ. ಒಂದೇ ಬಾಗಿಲಿನ ಮನೆಯಲ್ಲಿರುವವನಿಗೆ ಆ ಧೈರ್ಯವಿರುವುದಿಲ್ಲ.

ಆದ್ದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಕೆಲಸವನ್ನು ಹುಡುಗರ ಆಟವೆಂದು ತಳ್ಳಿಹಾಕದೆ, ಕಂಪನಿಯ ವಾರ್ಷಿಕ ಮಹಾಸಭೆಯಲ್ಲಿ ಚರ್ಚೆಗೆ ತರಬೇಕು. ಊರಿನ ವಿದ್ಯಾವಂತ ಯುವಕನನ್ನೋ ಯುವತಿಯನ್ನೋ ನೇಮಿಸಿ, ತಕ್ಕ ಸಂಬಳ ಕೊಟ್ಟು, ಪುಟಗಳನ್ನು ಬರೆಯುವ ಕೆಲಸವನ್ನು ಒಪ್ಪಿಸಬೇಕು. ಕಣದ ಅನುಭವವುಳ್ಳ ಹಿರಿಯರು ಹೇಳಬೇಕು, ಕಿರಿಯರು ಬರೆಯಬೇಕು. ಸರ್ಚ್ ಕನ್ಸೋಲ್ ಎಂಬ ಉಚಿತವಾದ ಸಾಧನದಲ್ಲಿ ತಾಣವನ್ನು ನೋಂದಾಯಿಸಿದರೆ, ಯಾವ ಮಾತುಗಳಿಂದ ಹುಡುಕಿದವರಿಗೆ ತಾಣವು ಕಂಡಿತು, ಎಷ್ಟು ಮಂದಿ ಒಳಗೆ ಬಂದರು ಎಂಬ ಲೆಕ್ಕವು ದೊರೆಯುತ್ತದೆ; ಅದನ್ನು ತಿಂಗಳಿಗೊಮ್ಮೆ ಆಡಳಿತ ಮಂಡಲಿಯ ಮುಂದೆ ಮಳೆಯ ಲೆಕ್ಕದಂತೆ ಓದಿಸಬೇಕು. ಜನರು ಕೇಳಿದ ಹೊಸ ಪ್ರಶ್ನೆಗೆ ಹೊಸ ಪುಟವನ್ನು ಬರೆಯಿಸಬೇಕು. ಮುಗಿದ ಸರಕನ್ನು ಮುಗಿದಿದೆಯೆಂದೂ, ಬದಲಾದ ಬೆಲೆಯನ್ನು ಬದಲಾಗಿದೆಯೆಂದೂ ಅದೇ ದಿನ ತಿದ್ದಬೇಕು.

ಫಲವು ಕೂಡಲೇ ಬರುವುದಿಲ್ಲ. ತಿದ್ದುಪಾಟು ಮಾಡಿದ ನಾಲ್ಕು ತಿಂಗಳಿನಿಂದ ಒಂದು ವರ್ಷದೊಳಗೆ ಪ್ರಯೋಜನವು ಕಾಣಬಹುದೆಂದು ಗೂಗಲ್ ಕಂಪನಿಯವರೇ ಹೇಳುತ್ತಾರೆ. ಅಡಕೆಯ ಸಸಿ ನೆಟ್ಟು ಐದಾರು ವರ್ಷ ಕಾಯಬಲ್ಲ ಜನಕ್ಕೆ ಇದು ದೀರ್ಘಕಾಲವಲ್ಲ. ರಾಸಾಯನಿಕವನ್ನು ಒಮ್ಮೆ ಎರಚಿ ಹಸಿರನ್ನು ತೋರಿಸುವುದಕ್ಕೂ, ವರ್ಷ ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿ ನೆಲದ ಸತ್ತ್ವವನ್ನು ಬೆಳೆಸುವುದಕ್ಕೂ ಇರುವ ಅಂತರವನ್ನು ರೈತರಿಗೆ ಬೇರೊಬ್ಬರು ಬೋಧಿಸಬೇಕಾದುದಿಲ್ಲ. ತಮ್ಮ ಸರಕಿನ ನಿಜವನ್ನು ತಮ್ಮ ಮಾತಿನಲ್ಲಿ ಪೂರ್ಣವಾಗಿ ಬರೆದಿಡುವುದೇ ಜಾಲತಾಣಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರ. ಬರುವ ಸುಗ್ಗಿಯ ಮೊದಲ ಕಾಯಿಯು ಕಣಕ್ಕೆ ಬೀಳುವುದರೊಳಗಾಗಿ, ಆ ಕಾಯಿಯ ವಿಷಯವಾಗಿ ಒಂದು ಸತ್ಯವಾದ ಪುಟವು ಸಿದ್ಧವಾಗಿರುವಂತೆ ಗ್ರಾಮದ ಮುಖಂಡರು ನೋಡಿಕೊಳ್ಳುವರೆಂದು ಆಶಿಸಲಾಗಿದೆ.